ಪುಕ್ಕಟೆ ವೆಬ್‌ಸೈಟು, ಸೀರೆಯ ಹಿಂಬದಿ

ನಮ್ಮ ವೆಬ್‌ಸೈಟು ಹುಟ್ಟಿದ್ದು ಒಂದು ಸುಳ್ಳಿನಿಂದ. ಹೇಳಿದವಳು ನಾನೇ. ಜಮಖಂಡಿಯಲ್ಲಿ ಒಂದು ಮದುವೆ, ಮಧ್ಯಾಹ್ನದ ಪಂಕ್ತಿ, ಬಾಯಿ ತುಂಬ ಬೆಲ್ಲದ ಮಾದಲಿ. ಅಂಥ ಹೊತ್ತಿನಲ್ಲಿ ಸುಳ್ಳು ಹೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ, ನನಗೆ ಬಿತ್ತು.

ಪಕ್ಕದಲ್ಲಿ ಕೂತಿದ್ದವರು ಗಂಡಿನ ಕಡೆಯ ಹೆಂಗಸು, ಧಾರವಾಡದವರು, ನನಗಿಂತ ಸ್ವಲ್ಪ ಹಿರಿಯರು. ಮನೆಯ ಮುಂದಿನ ಕೋಣೆಯಲ್ಲೇ ಕೈಮಗ್ಗದ ಸೀರೆಗಳ ಅಂಗಡಿ ಇಟ್ಟುಕೊಂಡಿದ್ದಾರೆಂದು ಮಾತಿನಲ್ಲಿ ತಿಳಿಯಿತು. ಅವರು ಉಣ್ಣುವುದನ್ನು ಬಿಟ್ಟು ನನ್ನ ಸೆರಗನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಎಡಗೈಯಿಂದ ಸೆರಗಿನ ತುದಿ ಹಿಡಿದು ಅತ್ತಿತ್ತ ತಿರುವಿಯೂ ನೋಡಿದರು. ಪರಿಚಯವಿಲ್ಲದವರು ಹೀಗೆ ಸೆರಗಿಗೆ ಕೈ ಹಾಕಿದರೆ ನನಗೆ ಸರಿಬರುವುದಿಲ್ಲ. ಆದರೂ ಬೀಗರ ಕಡೆಯವರಲ್ಲವೇ ಎಂದು ಸುಮ್ಮನಿದ್ದೆ.

"ಈ ಸೀರಿ ಎಲ್ಲಿ ತಗೊಂಡ್ರಿ ಅಕ್ಕಾರ?"

"ತಗೊಂಡಿಲ್ರಿ. ನಮ್ಮ ಮನ್ಯಾಗ ನೇಯ್ದದ್ದು. ನಮ್ಮ ಮನಿಯವರ ನೇಯ್ದಾರ."

"ಭಾಳ ಛಂದ ಐತ್ರಿ. ನಿಮ್ಮದು ವೆಬ್‌ಸೈಟ್ ಇರಬೇಕಲ್ಲ? ಲಿಂಕ್ ಕಳಸ್ರಿ, ನೋಡ್ತೇನಿ."

"ಇಲ್ರಿ" ಎನ್ನಲು ಬಾಯಿ ತೆರೆದೆ. ಆದರೆ ಅವರು ಕೇಳಿದ ರೀತಿ ಹೇಗಿತ್ತೆಂದರೆ, ನಿಮ್ಮ ಮನೆಯಲ್ಲಿ ನಳ ಇದೆಯಲ್ಲ ಎಂದು ಕೇಳಿದ ಹಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ರಬಕವಿ ಏನು ಕಾಡೇ ಅನಿಸಿತು. "ಐತಲ್ರಿ! ಇನ್ನ ಸ್ವಲ್ಪ ಕೆಲಸ ನಡದೈತಿ. ಮುಗದ ಕೂಡ್ಲೆ ಕಳಸ್ತೇನಿ" ಎಂದುಬಿಟ್ಟೆ. ಅವರು ನನ್ನ ನಂಬರು ತೆಗೆದುಕೊಂಡರು, ನಾನು ಅವರದು ತೆಗೆದುಕೊಂಡೆ. ಎಲೆಯ ಮೇಲಿನ ಮಾದಲಿ ಹಾಗೇ ಉಳಿಯಿತು.

ಆ ಸುಳ್ಳಿನ ಹಿಂದೆ ಬರೀ ಜಂಬ ಇರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಓಣಿಯಲ್ಲಿ ಈಗ ಎಲ್ಲ ಮನೆಗಳಲ್ಲೂ ಪಾವರ್‌ಲೂಮು. ಬೆಳಿಗ್ಗೆ ಕರೆಂಟು ಬಂದ ಕೂಡಲೇ ಇಡೀ ಓಣಿ ಖಟಪಟ ಎನ್ನತೊಡಗುತ್ತದೆ. ಇಲ್ಲಿ ಮಾತಾಡಬೇಕಾದರೆ ಕೂಗಬೇಕು, ಅದಕ್ಕೇ ನಾನು ಎಲ್ಲಿ ಹೋದರೂ ಕೂಗಿಯೇ ಮಾತಾಡುತ್ತೇನೆ. ಕೈಮಗ್ಗ ಉಳಿದಿದ್ದದ್ದು ನಮ್ಮ ಮನೆಯದೊಂದೇ. ನಮ್ಮವರು ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೆ ಎಬ್ಬಿಸುವುದೂ ಕಷ್ಟ. ಸೀರೆಯ ಮೈತುಂಬ ಅವರು ಹಾಕುವ ಬುಟ್ಟಾ ಜೋಳದ ತೆನೆಯ ಆಕಾರದ್ದು. ಅದನ್ನು ಅವರೇ ಕಂಡುಹಿಡಿದದ್ದು, ಪುಟ್ಟ ಪುಟ್ಟ ಕಂಡಿಕೆಗಳಿಂದ ಕೈಯಲ್ಲೇ ಒಂದೊಂದು ತೆನೆ ಕೂರಿಸುತ್ತಾರೆ. ಆ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸ. ಮದುವೆಯಾಗಿ ಮುಧೋಳದಿಂದ ಬಂದಾಗಿನಿಂದ ಅವರ ಮಗ್ಗದ ಪಕ್ಕದಲ್ಲಿ ಕೂತು ಸುತ್ತಿದ್ದೇನೆ, ಅವರ ಪಾಲಿನ ಮಾತನ್ನೂ ನಾನೇ ಆಡಿದ್ದೇನೆ.

ಆ ಜಮಖಂಡಿಯ ಮದುವೆಗೆ ಸ್ವಲ್ಪ ಮೊದಲು, ನಮ್ಮ ಸೀರೆಗಳನ್ನೆಲ್ಲ ಕೊಳ್ಳುತ್ತಿದ್ದ ಸಾವಕಾರರು ನಮ್ಮವರನ್ನು ಕರೆದು ಕೂರಿಸಿ ಚಹಾ ಕೊಟ್ಟು ಹೇಳಿದ್ದರು: "ನಿನ್ನ ಬುಟ್ಟಾ ಈಗ ಮಷೀನ್‌ನ್ಯಾಗೂ ಬರಾಕತ್ತೈತಿ. ಯುಗಾದಿ ಆದ ಮ್ಯಾಲೆ ಕೈಮಗ್ಗದ್ದು ತರಬ್ಯಾಡಪಾ." ನಮ್ಮವರು ಚಹಾ ಕುಡಿದು ಎದ್ದು ಬಂದರು. ಮನೆಯಲ್ಲಿ ನನಗೆ ಹೇಳಿದ್ದು ಇಷ್ಟೇ: "ಯುಗಾದಿಗೆ ಬೇವು ಕಟ್ಟಿ, ಮರುದಿನ ಮಗ್ಗ ಬಿಚ್ಚೂಣು. ಬಿಚ್ಚಾಕ ಬಾ ಅಂತ ಬಡಿಗ್ಯಾಗ ಹೇಳೇನಿ." ಆಮೇಲೆ ಬೇರೆಯವರ ಪಾವರ್‌ಲೂಮಿಗೆ ಕೆಲಸಕ್ಕೆ ಹೋಗುವುದು ಅವರ ಲೆಕ್ಕ. ನಾನು ಸಾವಕಾರರಿಗೆ ಬಾಯಿಗೆ ಬಂದಂತೆ ಬೈದೆ, ಅವರು ಎದುರಿಗೆ ಇರಲಿಲ್ಲವಾದ್ದರಿಂದ ಗೋಡೆಗೆ ಬೈದೆ. ನಮ್ಮವರು ಹೋಗಿ ಮಗ್ಗದಲ್ಲಿ ಕೂತರು. ಅಂಥ ಹೊತ್ತಿನಲ್ಲಿ ಅಂಗಡಿಯವರೊಬ್ಬರು ತಾವಾಗಿ ಸೀರೆ ಕೇಳಿದರೆ, ವೆಬ್‌ಸೈಟು ಇಲ್ಲ ಎಂದು ಹೇಗೆ ಹೇಳಲಿ?

ಮನೆಗೆ ಬಂದವಳೇ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದ ಲ್ಯಾಪ್‌ಟಾಪು ಹೊರತೆಗೆದೆ. ಅದು ಮುಧೋಳದ ನನ್ನ ತಮ್ಮನದು. ಕಬ್ಬಿನ ವ್ಯವಹಾರಕ್ಕೆಂದು ಕೊಂಡು, ಅದರ ಮುಂದೆ ಕೂತರೆ ನಿದ್ದೆ ಬರುತ್ತದೆಂದು ನನಗೆ ದಾಟಿಸಿದ್ದ. ನನ್ನ ಓದು ಪಿಯುಸಿ. ಕಂಪ್ಯೂಟರ್ ಎಂದರೆ ನನಗೆ ಗೊತ್ತಿದ್ದದ್ದು ಆನ್ ಮಾಡುವುದು, ಮತ್ತು ಸಿಟ್ಟು ಬಂದಾಗ ಮುಚ್ಚಳ ಧಪ್ಪೆಂದು ಮುಚ್ಚುವುದು.

ಯೂಟ್ಯೂಬಿನಲ್ಲಿ ನೋಡಿದರೆ ಗುರುಗಳಿಗೆ ಬರವಿಲ್ಲ. ಎಲ್ಲರೂ ಬೆಂಗಳೂರಿನ ಮೆತ್ತನೆಯ ಕನ್ನಡದಲ್ಲಿ ಒಂದೇ ಮಾತು ಹೇಳುತ್ತಾರೆ: ಸಂಪೂರ್ಣ ಉಚಿತ, ಐದೇ ನಿಮಿಷ, ನೋಡಿದವರು ಬೆರಗಾಗುವಂಥ ವೆಬ್‌ಸೈಟು. ಉಚಿತ ಎಂದರೆ ನನಗೆ ಗೊತ್ತಿದ್ದದ್ದು ಜಮಖಂಡಿ ಸಂತೆಯ ಕೊಸರು. ಬದನೆಕಾಯಿ ಕೊಂಡ ಮೇಲೆ ಕೈತುಂಬ ಕೊತ್ತಂಬರಿ ಹಾಕಿ ಕೊಡುತ್ತಾರಲ್ಲ, ಅದು. ಕೊಳ್ಳದೇ ಇರುವವರಿಗೆ ಯಾರೂ ಕೊಸರು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿ ಮಾತ್ರ ಎಲ್ಲರೂ ಕೊಸರಿನ ಬುಟ್ಟಿ ಹಿಡಿದು ಬಾ ಬಾ ಎಂದು ಕರೆಯುತ್ತಿದ್ದರು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೊದಲು ಹಿಡಿದದ್ದು ಬಹಳ ಚೆಲುವಾದದ್ದು. ಬರೆಯುವುದು ಕೊರೆಯುವುದು ಏನೂ ಇಲ್ಲ, ಚಿತ್ರ ಎಳೆದು ತಂದು ಬೇಕಾದಲ್ಲಿ ಬಿಟ್ಟರಾಯಿತು. ಸಿದ್ಧ ವಿನ್ಯಾಸಗಳು ರಾಶಿ ರಾಶಿ. ನಾನು ಒಂದನ್ನು ಆರಿಸಿ, ಮೇಲೆ ನಮ್ಮ ಊರ ಹೆಸರು ಹಾಕಿ, ಕೆಳಗೆ ಕೈಮಗ್ಗದ ಸೀರೆಗಳು ಎಂದು ಬರೆದು, "ಪ್ರಕಟಿಸು" ಎಂಬ ಗುಂಡಿ ಒತ್ತಿ, ಬೀಳಗಿಯಲ್ಲಿರುವ ನಾದಿನಿಗೆ ನೋಡಲು ಕಳಿಸಿದೆ. ಆಕೆ ಒಲೆಯ ಮುಂದಿನಿಂದಲೇ ಫೋನು ಮಾಡಿದಳು.

"ವೈನಿ, ಚಾದಂಗಡಿ ಯಾವಾಗ ತಗದ್ರಿ? ನಮಗ ಒಂದ ಮಾತು ಹೇಳಲಿಲ್ಲಲ್ರಿ!"

"ಯಾವ ಚಾದಂಗಡಿ? ಕಣ್ಣ ಒರಸಿಕೊಂಡ ನೋಡು" ಎಂದು ಬೈದೆ. ಆಮೇಲೆ ನಾನು ಕಣ್ಣು ಒರೆಸಿಕೊಂಡು ನೋಡಿದೆ. ಪುಟದ ತುಂಬ ಒಂದು ದೊಡ್ಡ ಕಾಫಿ ಕಪ್ಪು, ಅದರ ಪಕ್ಕ ಬಿಳಿಯ ಮೇಜು, ಹೂದಾನಿ. ಸಿದ್ಧ ವಿನ್ಯಾಸದ ಜೊತೆಗೇ ಬಂದ ಚಿತ್ರ ಅದು, ತೆಗೆಯುವುದನ್ನೇ ಮರೆತಿದ್ದೆ. ತೆಗೆದು ಅಲ್ಲಿ ಬೇರೆಯದನ್ನು ಹಾಕಲು ಹೋದರೆ ಒಂದು ಸಣ್ಣ ಕಿರೀಟದ ಗುರುತು ಎದುರಾಯಿತು. ಹೆಚ್ಚು ಫೋಟೋ ಬೇಕೇ? ಕಿರೀಟ. ಅಕ್ಷರದ ಬಣ್ಣ ಬದಲಿಸಬೇಕೇ? ಕಿರೀಟ. ಕಿರೀಟ ಇದ್ದದ್ದಕ್ಕೆಲ್ಲ ದುಡ್ಡು. ಕೆಲವೇ ದಿನಗಳಲ್ಲಿ, ನಿಮ್ಮ ಉಚಿತ ಅವಧಿ ಮುಗಿಯುತ್ತಿದೆ, ಕಾರ್ಡಿನ ನಂಬರು ಹಾಕಿ ಎಂದು ಪತ್ರವೂ ಬಂತು.

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿದರು. "ಫುಕಟ್ ಅಂದಿದ್ದಿ?"

"ಫುಕಟ್ ಇತ್ರಿ. ಮುಗೀತು" ಎಂದು ಮುಚ್ಚಳ ಮುಚ್ಚಿದೆ.

ಎರಡನೆಯದನ್ನು ವಿಡಿಯೋದವರೆಲ್ಲ ಒಕ್ಕೊರಲಿನಿಂದ ಹೊಗಳುತ್ತಿದ್ದರು. ಜಗತ್ತಿನ ಅರ್ಧ ವೆಬ್‌ಸೈಟುಗಳು ಇದರಲ್ಲೇ ಇವೆ ಎಂದರು. ಇಳಿಸಿಕೊಂಡೆ, ಖರೆ ಹೇಳಬೇಕೆಂದರೆ ಅದು ನಿಜಕ್ಕೂ ಪುಕ್ಕಟೆ. ಆದರೆ ಅದನ್ನು ಇಡಲು ಅಂತರ್ಜಾಲದಲ್ಲಿ ಒಂದು ಜಾಗ ಬೇಕು, ಅದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ, ಅದನ್ನು ನಾವೇ ಬಾಡಿಗೆಗೆ ಹಿಡಿಯಬೇಕು. ಮಗ್ಗ ಪುಕ್ಕಟೆ ಕೊಡುತ್ತೇವೆ, ಕುಣಿ ತೋಡಲು ಮನೆ ಮಾತ್ರ ನಿನ್ನದು ಎಂದ ಹಾಗಾಯಿತು. ಪುಕ್ಕಟೆ ಜಾಗವೂ ಒಂದು ಕಡೆ ಸಿಕ್ಕಿತು, ಅಲ್ಲಿ ಪುಟ ತೆರೆಯುವಷ್ಟರಲ್ಲಿ ನಾನು ಅಕ್ಕಿ ಆರಿಸಿ ಮುಗಿಸುತ್ತಿದ್ದೆ. ಅದರ ಮೇಲೆ ದಿನಾ ಬೆಳಿಗ್ಗೆ ಕೆಂಪು ಚುಕ್ಕೆ: ಇದನ್ನು ಹೊಸದಾಗಿಸು, ಅದನ್ನು ಹೊಸದಾಗಿಸು. ಮನೆಯಲ್ಲಿ ಹಸುಗೂಸು ಇದ್ದರೆ ಮಾಡುವಷ್ಟು ಆರೈಕೆ. ತಲೆ ಕೆಟ್ಟು ಅದನ್ನೂ ಬಿಟ್ಟೆ. ಕಲಿತವರ ಕೈಗೆ ಅದು ಒಳ್ಳೆಯ ಸಾಮಾನೇ ಇರಬೇಕು, ನನ್ನಂಥ ಹೊಸಬಳ ಕೈಗಲ್ಲ.

ಮೂರನೆಯದರಲ್ಲಿ ಜಾಗವೂ ಅವರದೇ, ಸಾಮಾನೂ ಅವರದೇ. ನಾನು ಹಿಗ್ಗಿದೆ. "ನಮ್ಮ ತಂಡ" ಎಂಬ ಪುಟದಲ್ಲಿ ಮುಖ ಹಾಕಲು ನಾಲ್ಕು ದುಂಡನೆಯ ಜಾಗಗಳಿದ್ದವು. ನಾವಿರುವುದು ಇಬ್ಬರು. ಖಾಲಿ ಬಿಟ್ಟರೆ ಅಲ್ಲಿ ಬೂದು ಬಣ್ಣದ ಭೂತದಂಥ ತಲೆಗಳು ಕಾಣುತ್ತಿದ್ದವು, ಅಳಿಸಲು ಬಿಡುತ್ತಿರಲಿಲ್ಲ. ಮೂರನೆಯದಕ್ಕೆ ಮಗ್ಗದ ಚಿತ್ರ ಹಾಕಿದೆ. ನಾಲ್ಕನೆಯದಕ್ಕೆ ನನ್ನ ತಮ್ಮ ಸಾಕಿದ ಮುಧೋಳ ನಾಯಿ, ಉದ್ದ ಮೂತಿ ಎತ್ತಿಕೊಂಡು ನಿಂತದ್ದು, ಕೆಳಗೆ "ಭದ್ರತಾ ವಿಭಾಗ" ಎಂದು ಬರೆದೆ. ನಮ್ಮವರು ಅದನ್ನು ನೋಡಿ ನಕ್ಕರು. ಸಾವಕಾರರ ಚಹಾ ಕುಡಿದು ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು, ಅಷ್ಟಕ್ಕೇ ನನಗೆ ಆ ಸಾಮಾನಿನ ಮೇಲೆ ಪ್ರೀತಿ ಹುಟ್ಟಿತು. ಆದರೆ ಫೋನಿನಲ್ಲಿ ತೆರೆದು ನೋಡಿದರೆ ಕನ್ನಡದ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು, ಪುಟದ ಕೆಳಗೆ ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು ಕುಣಿಯುತ್ತಿತ್ತು. ಸೀರೆ ನೋಡಲು ಬಂದವರಿಗೆ ಮೊದಲು ಹೊಟ್ಟೆ ತೋರಿಸುವುದು ನನಗೆ ಸರಿ ಅನಿಸಲಿಲ್ಲ.

ಅಷ್ಟರಲ್ಲಿ ನನಗೂ ಸ್ವಲ್ಪ ಬುದ್ಧಿ ಬಂದಿತ್ತು. ನನಗೆ ಬೇಕಾದದ್ದು ಏನು ಎಂದು ನನ್ನನ್ನೇ ಕೇಳಿಕೊಂಡೆ. ಕನ್ನಡ ನೆಟ್ಟಗೆ ಕಾಣಬೇಕು. ಫೋನಿನಲ್ಲಿ ಬೇಗ ತೆರೆಯಬೇಕು. ಇವತ್ತು ಪುಕ್ಕಟೆ ಎಂದದ್ದು ನಾಳೆಯೂ ಪುಕ್ಕಟೆಯಾಗೇ ಇರಬೇಕು. ಇಷ್ಟೇ. ತವರಿಗೆ ಹೋಗಬೇಕಾಗಿ ಬಂದಾಗ ಇದನ್ನೇ ಪರೀಕ್ಷೆ ಮಾಡಿದೆ. ಮುಧೋಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬೇರೆ ಬೇರೆ ಪುಕ್ಕಟೆ ಸಾಮಾನುಗಳಿಂದ ಯಾರ್ಯಾರೋ ಮಾಡಿದ ಪುಟಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ. ಸಮೀರವಾಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಗಾಡಿ ಕಟ್ಟಿಕೊಂಡು ರಸ್ತೆಯ ತುಂಬ ಹೊರಟಿದ್ದವು, ನಮ್ಮ ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು, ನೆಟ್‌ವರ್ಕು ಬರುತ್ತಿತ್ತು ಹೋಗುತ್ತಿತ್ತು. ಅಂಥ ಜಾಗದಲ್ಲೂ ಒಂದು ಪುಟ ಥಟ್ಟನೆ ತೆರೆಯಿತು. ನೋಡಲು ಸಾದಾ, ಶಾಲೆಯ ಪಾಟಿಯಷ್ಟು ಸಾದಾ. ಕುಣಿಯುವುದಿಲ್ಲ, ಹಾರುವುದಿಲ್ಲ, ಕಿರೀಟವಿಲ್ಲ. ವಿಳಾಸ ಮಾತ್ರ ರೈಲಿನಷ್ಟು ಉದ್ದ, ಕೆಳಗೆ ಒಂದು ಸಾಲಿನಲ್ಲಿ ಅವರ ಕಂಪನಿಯ ಹೆಸರು. ಇರಲಿ, ಅಷ್ಟು ಅವರ ಹಕ್ಕು ಎಂದುಕೊಂಡು ಅದನ್ನೇ ಹಿಡಿದೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಚೆಲುವು ನೋಡಿ ಮರುಳಾಗಬೇಡಿ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆರೆಯುತ್ತದೋ ನೋಡಿ.

ಸಾಮಾನು ಸಿಕ್ಕಿತು. ಇನ್ನು ಸೀರೆಯ ಫೋಟೋ. ಇಲ್ಲಿ ನಮ್ಮ ಮನೆಯ ಬಡತನ ಗೊತ್ತಾಯಿತು: ಮನೆಯಲ್ಲಿ ತೋರಿಸಲು ಒಂದೂ ಸೀರೆ ಇಲ್ಲ. ಮಗ್ಗದಿಂದ ಇಳಿದದ್ದೆಲ್ಲ ಮಡಿಕೆ ಹಾಕಿ ನೇರ ಸಾವಕಾರರ ಅಂಗಡಿಗೆ ಹೋಗುತ್ತಿತ್ತು. ಮದುವೆಯಲ್ಲಿ ನಾನು ಉಟ್ಟಿದ್ದದ್ದು ಒಂದಿತ್ತು, ಅದರ ಮೇಲೆ ಸಾರು ಚೆಲ್ಲಿಕೊಂಡಿದ್ದೆ. "ಉಟ್ಟ ಸೀರಿ ತೋರಿಸಿ ಹೊಸಾದು ಮಾರಬಾರದು" ಎಂದು ನಮ್ಮವರೂ ಅಂದರು. ಉಳಿದದ್ದು ಮಗ್ಗದ ಮೇಲಿನದು, ಇನ್ನೂ ಅರ್ಧ ನೇಯ್ದದ್ದು.

ಆ ವಾರ ನಾನು ನಾದಿನಿಯ ಮನೆಯ ಕಾರ್ಯಕ್ಕೆಂದು ಬೀಳಗಿಗೆ ಹೋಗಬೇಕಿತ್ತು. "ಬೆಳಿಗ್ಗಿ ಬಿಸಲ ಒಳಗ ಬಂದಾಗ ನಿಮ್ಮ ಫೋನಿನ್ಯಾಗ ನಾಕ ಫೋಟೋ ತಗದಿಡ್ರಿ" ಎಂದು ನಮ್ಮವರಿಗೆ ಹೇಳಿ ಹೋದೆ. ಮರಳಿ ಬಂದು ನೋಡಿದರೆ ಫೋನಿನ ತುಂಬ ಫೋಟೋ. ಹತ್ತಿರದಿಂದ, ಇನ್ನೂ ಹತ್ತಿರದಿಂದ, ಒಂದೊಂದು ತೆನೆಯ ಒಂದೊಂದು ಎಳೆ ಕಾಣುವ ಹಾಗೆ. ಹದವಾದ ಬಿಸಿಲು. ಫೋನು ಹಿಡಿಯಲೂ ಬೇಸರಪಡುವ ಮನುಷ್ಯ ಇದನ್ನು ಹೇಗೆ ಮಾಡಿದರೋ ಎಂದು ಬೆರಗಾಯಿತು. ಇದ್ದಬದ್ದದ್ದನ್ನೆಲ್ಲ ಏರಿಸಿದೆ. "ನಮ್ಮ ಬಗ್ಗೆ" ಎಂಬಲ್ಲಿ ನಾನು "ನಮ್ಮ ಸಂಸ್ಥೆಯು ಗ್ರಾಹಕರ ಸಂತೃಪ್ತಿಗಾಗಿ" ಎಂದು ಶುರು ಮಾಡಿದ್ದನ್ನು ಓದಿಸಿದಾಗ ನಮ್ಮವರು, "ಯಾವ ಸಂಸ್ಥೆ? ಮಗ್ಗ ಐತಿ, ನೇಯ್ತೇನಿ ಅಂತ ಬರಿ" ಎಂದರು. ಹಾಗೇ ಬರೆದೆ. ಧಾರವಾಡದವರಿಗೆ ವಾಟ್ಸಾಪಿನಲ್ಲಿ ಲಿಂಕು ಕಳಿಸಿದೆ. ಅವರು ನೋಡಿದರೆಂದು ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಓಣಿಗೆಲ್ಲ ಕಳಿಸಿದೆ. ಬನಹಟ್ಟಿಯ ನೆಂಟರಿಗೂ ಕಳಿಸಿದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎದುರು ಮನೆಯ ಕಾಕಾ ತಮ್ಮ ಪಾವರ್‌ಲೂಮು ನಿಲ್ಲಿಸಿ ಬಂದು, "ಛಲೋ ಬಂದಾವ ಬಿಡವಾ, ಬುಟ್ಟಾ ಎದ್ದ ಕಾಣತಾವ" ಎಂದರು. ನಾನು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಮೂರನೆಯ ದಿನ ಮುಧೋಳದ ತಮ್ಮನ ಫೋನು. ಲೋಕಾಪುರದಲ್ಲಿ ಯಾವುದೋ ಕೆಲಸಕ್ಕೆ ನಿಂತಿದ್ದ, ಹಿಂದೆ ಲಾರಿಯ ಸದ್ದು.

"ಅಕ್ಕಾ, ನಿನ್ನ ವೆಬ್‌ಸೈಟ್ ನೋಡಿದೆ. ಸೀರಿಗಿ ಏನಾಗೈತಿ?"

"ಏನಾಗಬೇಕು?"

"ದಾರ ಎಲ್ಲಾ ಹೊರಗ ಬಂದಾವಲ್ಲ. ಗಂಟ ಕಾಣತಾವು. ಇಲಿ ಕಡದಾವೇನ?"

"ನಿನಗ ಕಬ್ಬ ಬಿಟ್ಟರ ಏನ ತಿಳಿತೈತಿ" ಎಂದು ಬಯ್ಯುತ್ತಲೇ ಪುಟ ತೆರೆದೆ. ತೆರೆದು, ನಾಲಿಗೆ ಕಚ್ಚಿಕೊಂಡೆ.

ಎಲ್ಲವೂ ಸೀರೆಯ ಹಿಂಬದಿ. ಕೈಮಗ್ಗದಲ್ಲಿ ಇಂಥ ಬುಟ್ಟಾದ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ. ನೇಯುವವನ ಕಣ್ಣಿಗೆ ಬೀಳುವುದು ಎಳೆ ತಿರುಗಿಸಿ ಸಿಕ್ಕಿಸುವ ಹಿಂಬದಿಯೇ, ಚೆಲುವಾದ ಮುಖ ನೆಲದ ಕಡೆ ಇರುತ್ತದೆ. ನಮ್ಮವರು ದಿನಾ ನೋಡುವುದು ಅದನ್ನೇ, ಅದರದೇ ಫೋಟೋ ತೆಗೆದಿದ್ದರು. ನಾನೂ ಅವರ ಪಕ್ಕದಲ್ಲಿ ಕೂತು ಇಷ್ಟು ವರ್ಷ ಅದನ್ನೇ ನೋಡಿದವಳು, ನನಗೂ ಹೊಳೆಯಲಿಲ್ಲ. ಓಣಿಯವರೆಲ್ಲ ಒಂದಾನೊಂದು ಕಾಲಕ್ಕೆ ಕೈಮಗ್ಗದಲ್ಲಿ ಕೂತವರು, ಅವರಿಗೂ ಹೊಳೆಯಲಿಲ್ಲ. ಇಡೀ ಊರು ಉಲ್ಟಾ ಸೀರೆ ನೋಡಿ ತಲೆದೂಗಿತ್ತು! ತಪ್ಪು ಹಿಡಿಯಲು ಕಬ್ಬು ಬೆಳೆಯುವವನೇ ಬೇಕಾಯಿತು.

ಮೈಯೆಲ್ಲ ಉರಿಯಿತು. ಧಾರವಾಡದವರು ಉತ್ತರ ಬರೆಯದೇ ಇದ್ದದ್ದು ಯಾಕೆಂದು ಈಗ ತಿಳಿಯಿತು ಎಂದುಕೊಂಡೆ. ಸೀರೆಯ ಮುಂದು ಯಾವುದು ಹಿಂದು ಯಾವುದು ತಿಳಿಯದವರು ಎಂದು ನಕ್ಕಿರಬೇಕು. ಒಳಗೆ ಹೋಗಿ ನಮ್ಮವರಿಗೆ ಹೇಳಿದೆ, ಹೇಳಿದೆ ಎಂದರೆ ಓಣಿಗೆ ಕೇಳುವಂತೆ ಕೂಗಿದೆ. ಅವರು ಲಾಳಿ ನಿಲ್ಲಿಸಿ, ನನ್ನ ಫೋನು ತೆಗೆದುಕೊಂಡು, ಆ ಫೋಟೋಗಳನ್ನು ಒಂದೊಂದಾಗಿ ನೋಡಿದರು. "ಹೌದಲ್ಲ" ಎಂದರು. ಅವರ ಮುಖ ಸಣ್ಣದಾಯಿತು. "ತಗದಬಿಡು" ಎಂದು ಫೋನು ಮರಳಿ ಕೊಟ್ಟರು. ಆಗ ನಾನು ಕೂಗಿದ್ದು ಹೆಚ್ಚಾಯಿತು ಅನಿಸಿತು. ಆದರೆ ಕೂಗಿದ್ದನ್ನು ಅಳಿಸುವ ಗುಂಡಿ ಇರುವುದಿಲ್ಲ.

ಅವತ್ತೇ ಎಲ್ಲ ಅಳಿಸಿದೆ. ಸಾರಿನ ಕಲೆ ನೆರಿಗೆಯಲ್ಲಿ ಅಡಗುವಂತೆ ನನ್ನ ಸೀರೆಯನ್ನೇ ಹಗ್ಗಕ್ಕೆ ಇಳಿಬಿಟ್ಟು, ಮುಖದ ಕಡೆಯ ಫೋಟೋ ತೆಗೆದು ಹಾಕಿದೆ. ಪುಟ ನೋಡಲು ಎಲ್ಲರ ಪುಟದ ಹಾಗೆ ಆಯಿತು. ಮಗ್ಗದ ಮೇಲಿನ ಸೀರೆ ಕೆಲವೇ ದಿನಗಳಲ್ಲಿ ಮುಗಿಯಿತು. ನಮ್ಮವರು ಅದನ್ನು ಕತ್ತರಿಸಿ ಇಳಿಸಿದರು. ಹಾಸು ಎಂದರೆ ಹಲವು ಸೀರೆಗಳಿಗಾಗುವ ಉದ್ದೆಳೆಗಳು; ಹಳೆಯ ಹಾಸಿನ ಕೊನೆಯ ಸೀರೆ ಅದು, ಮಗ್ಗದಲ್ಲಿ ತುದಿ ಮಾತ್ರ ಉಳಿಯಿತು. ಹೊಸ ಹಾಸನ್ನು ಎಳೆ ಎಳೆಯಾಗಿ ಆ ತುದಿಗೇ ಗಂಟು ಹಾಕಿ ಮುಂದೆ ಎಳೆಯುವುದು ಪದ್ಧತಿ. ಅದಕ್ಕಾಗಿಯೇ ನೇಕಾರ ಯಾವತ್ತೂ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಆ ತುದಿ ಹಾಗೇ ಜೋತುಬಿದ್ದಿತ್ತು. ನಮ್ಮವರು ಅದನ್ನು ಕಿತ್ತೂ ಹಾಕಲಿಲ್ಲ, ಅದಕ್ಕೆ ಏನನ್ನೂ ಕಟ್ಟಲೂ ಇಲ್ಲ. ಬಂದು ನೋಡುವರು, ಹೋಗುವರು. ನನಗೆ ಆ ಕೋಣೆಗೆ ಕಾಲಿಡುವುದೇ ಬೇಡವಾಗಿತ್ತು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ, ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದಾಗ, ಧಾರವಾಡದವರ ಫೋನು ಬಂತು. ಕೈಗೆಲ್ಲ ಹೂರಣ, ಸ್ಪೀಕರಿಗೆ ಹಾಕಿದೆ.

"ಅಕ್ಕಾರ, ಮೊದಲ ಹಾಕಿದ್ರಲ್ಲ, ಆ ಫೋಟೋ ಯಾಕ ತಗದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಮುಂದಿನ ಮುಖ ಯಾರರೆ ತೋರಸ್ತಾರ್ರಿ. ಮಷೀನಿನ ಸೀರಿ ತಂದು ಕೈಮಗ್ಗದ್ದು ಅಂತ ಹೇಳಾವರು ನನ್ನ ಅಂಗಡಿಗಿ ಭಾಳ ಮಂದಿ ಬರ್ತಾರ. ನಾ ಮೊದಲ ಸೆರಗ ತಿರವಿ ಹಿಂದ ನೋಡ್ತೇನಿ. ಮಷೀನಿಂದಾದ್ರ ಎಳಿ ಒಂದ ಬುಟ್ಟಾದಿಂದ ಇನ್ನೊಂದಕ್ಕ ಅಡ್ಡ ಓಡಿ, ನಡುವ ಕತ್ತರಸಿರ್ತಾರ. ಕೈದಾದ್ರ ಎಳಿ ತನ್ನ ಬುಟ್ಟಾದಾಗ ತಿರಗಿ ಒಳಗ ಹೊಕ್ಕಿರ್ತೈತಿ. ಮದವಿಯೊಳಗ ನಿಮ್ಮ ಸೆರಗನೂ ಹಂಗ ನೋಡಿದ್ನಿ. ನೀವ ಹಿಂದಿಂದ ಮೊದಲ ಹಾಕಿದ್ರಿ, ಖುಷಿ ಆತು ನನಗ. ಮನ್ಯಾಗ ಆರಾಮ ಇರಲಿಲ್ಲಂತ ಫೋನ್ ಮಾಡಾಕ ಆಗಲಿಲ್ಲ. ಇವತ್ತ ನೋಡಿದ್ರ ಅವು ಒಂದೂ ಇಲ್ಲ. ತಪ್ಪ ತಿಳಿಬ್ಯಾಡ್ರಿ ಅಕ್ಕಾರ, ಅವು ನಿಮ್ಮ ಮಗ್ಗದ್ದ ಹೌದಲ್ರಿ?"

ಅನುಮಾನ. ನಾನು ಅಳಿಸಿದ್ದರಿಂದಲೇ ಹುಟ್ಟಿದ ಅನುಮಾನ. "ಬೇಕಂತನ ಹಿಂದಿಂದು ಹಾಕಿದ್ವಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿಂದೆ ಹೇಳಿದ ಒಂದು ಸುಳ್ಳಿಗೇ ಇಷ್ಟು ಕೆಲಸ ಬಿದ್ದಿತ್ತು, ಇನ್ನೊಂದಕ್ಕೆ ನನ್ನಲ್ಲಿ ತ್ರಾಣ ಇರಲಿಲ್ಲ. "ನೇಯ್ದವರ ಕೂಡನ ಮಾತಾಡ್ರಿ" ಎಂದು ಫೋನನ್ನು ಒಯ್ದು ನಮ್ಮವರ ಮುಂದೆ ಹಿಡಿದೆ. ಅವರು ಖಾಲಿ ಮಗ್ಗದ ಪಕ್ಕ ಕೂತಿದ್ದರು. ಬೇಡ ಎಂದು ಕೈಯಾಡಿಸಿದರು. ನಾನು ಹಿಡಿದೇ ಇದ್ದೆ.

"ಆ ಫೋಟೋ ನೀವ ತಗದ್ರೇನ್ರಿ?" ಫೋನು ಕೇಳಿತು.

"ಹೌದ್ರಿ. ನಾನ ತಗದೇನ್ರಿ."

"ಹಿಂದಿಂದ ಯಾಕ ತಗದ್ರಿ?"

ನಮ್ಮವರು ಮಗ್ಗದಲ್ಲಿ ಜೋತುಬಿದ್ದ ಹಳೆಯ ಎಳೆಗಳನ್ನು ಬೆರಳಲ್ಲಿ ಸವರಿದರು.  

"ತಿಳಿದ ತಗದದ್ದಲ್ರಿ" ಎಂದರು. "ನನಗ ಸೀರಿ ಅಂದ್ರ ಅದ. ಮ್ಯಾಲಿನ ಮುಖ ಉಟ್ಟಾವರು ನೋಡ್ತಾರ್ರಿ. ನನ್ನ ಪಾಲಿಗಿ ಬರೂದು ಈ ಹಿಂದಿನ ಬದಿ. ಅದಕ್ಕ ಅದನ್ನ ಛಂದ ಇಡತೇನಿ."

ನಾನು ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಅವರ ಪರವಾಗಿ ಊರಿಗೆಲ್ಲ ಮಾತಾಡಿದ್ದೇನೆ. ಈ ಮಾತು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಹೂರಣದ ಕೈ, ಒರೆಸಿಕೊಳ್ಳಲೂ ಆಗಲಿಲ್ಲ.

ಆ ಕಡೆಯಿಂದ ಧಾರವಾಡದವರು, "ಒಂದ ಹಾಸ ಹಾಕ್ರಿ ಅಣ್ಣಾರ. ಆ ಹಾಸಿನ ಸೀರಿ ಎಲ್ಲಾ ನನಗ ಕೊಡ್ರಿ. ಅವು ಹೆಂಗ ಹೋಗತಾವು ನೋಡಿ ಮುಂದಿಂದ ಮಾತಾಡೂಣು" ಎಂದರು. "ಆ ಫೋಟೋ ಮಾತ್ರ ತಿರಗಿ ಹಾಕಸ್ರಿ" ಎಂದೂ ಸೇರಿಸಿದರು.

ಫೋನು ಇಟ್ಟ ಮೇಲೆ ನಾನು ಸಾವಕಾರರಿಗೆ, ಮಷೀನಿಗೆ, ಕಿರೀಟದವರಿಗೆ ಎಲ್ಲರಿಗೂ ಸೇರಿಸಿ ಒಂದು ಭಾಷಣ ಮಾಡಿದೆ. ನಮ್ಮವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಸಂಜೆ ಕೈ ತೊಳೆದುಕೊಂಡು ಲ್ಯಾಪ್‌ಟಾಪು ತೆರೆದು ಆ ಫೋಟೋಗಳನ್ನೆಲ್ಲ ಮತ್ತೆ ಏರಿಸಿದೆ. ನನ್ನ ಸೀರೆಯನ್ನು ಕೆಳಗೆ ಒಂದು ಮೂಲೆಗೆ ಸರಿಸಿದೆ. ಕಂಪನಿಯ ಹೆಸರಿನ ಆ ಒಂದು ಸಾಲು ಅದರ ಕೆಳಗೆ ತನ್ನಷ್ಟಕ್ಕೆ ಇತ್ತು.

ಯುಗಾದಿಯ ಬೆಳಿಗ್ಗೆ ಬೇವಿನ ತೊಂಗಲು ಹಿಡಿದು ಮಗ್ಗದ ಕೋಣೆಗೆ ಹೋದೆ. ನಮ್ಮವರು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ತೊಡೆಯ ಮೇಲೆ, ಸಾವಕಾರರು ಬೇಡ ಎನ್ನುವ ಮೊದಲೇ ಸಿದ್ಧ ಮಾಡಿಟ್ಟಿದ್ದ ಹೊಸ ಹಾಸಿನ ತುದಿ. ಹಳೆಯ ತುದಿಯಿಂದ ಒಂದು ಎಳೆ, ಹೊಸದರಿಂದ ಒಂದು ಎಳೆ, ಬೆರಳ ನಡುವೆ ಹೊಸೆದು ಗಂಟು. ಮತ್ತೊಂದು.

ನಾನು ಬೇವು ಕಟ್ಟುತ್ತಾ ಕೇಳಿದೆ. "ನಾಳಿಗಿ ಬರಬ್ಯಾಡ ಅಂತ ಬಡಿಗ್ಯಾಗ ಫೋನ್ ಹಚ್ಚಲೇನ್ರಿ?"

"ನಿನ್ನೆನ ಹಚ್ಚೇನಿ" ಎಂದರು, ತಲೆ ಎತ್ತದೆ. "ಕಿಟಕಿ ತಗಿ. ಎಳಿ ಕಾಣವಲ್ಲವು."

ಕಿಟಕಿ ತೆಗೆದೆ.